ದೀನರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದ ಕುದ್ಮುಲ್ ರಂಗರಾಯರು



ಶತಮಾನೋತ್ಸವದ ಸಂಚಿಕೆಯಲ್ಲಿ ಸಂತರ ಚರಿತ್ರೆಯನ್ನು ನಿರೀಕ್ಷಿಸುವುದು ಸಹಜ. ನಾವಾದರೋ, ಧರ್ಮಸಭೆಯ ಹೊರಗಿದ್ದೂ ನೆರೆಯವರನ್ನು ತಮ್ಮಂತೆಯೇ ಪ್ರೀತಿಸಿದ ಮಹನೀಯರೊಬ್ಬರನ್ನು ಇಲ್ಲಿ ಸ್ಮರಿಸಲು ಇಚ್ಛಿಸುತ್ತೇವೆ.

ರಂಗರಾಯರು 1859ರ ಜೂನ್ 29ರಂದು, ಇಂದಿನ ಕಾಸರಗೋಡು ಜಿಲ್ಲೆಗೆ ಸೇರಿದ ಕುದ್ಮುಲ್ ಗ್ರಾಮದ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು ಮಂಗಳೂರು ಸೇರಿ, ಮೊದಲು ಅಧ್ಯಾಪಕರಾಗಿ, ಅನಂತರ ವಕೀಲರಾಗಿ ಜೀವನ ಸಾಗಿಸಿದರು. ಬ್ರಹ್ಮಸಮಾಜದ ವಿಚಾರಗಳು ಅವರನ್ನು ದಲಿತರ ಕೇರಿಗಳತ್ತ ಕರೆದೊಯ್ದವು.

1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ‘ರೇರುಂ ನೊವಾರುಂ’ ಎಂಬ ಪರಿಪತ್ರದಲ್ಲಿ, ದುಡಿಯುವವನ ಕೂಲಿಯು ಅವನ ಜೀವನಕ್ಕೆ ಸಾಲುವಂತಿರಬೇಕೆಂದೂ, ದೇಹ ಮನಸ್ಸುಗಳು ಬಲಿಯುವ ಮೊದಲು ಮಕ್ಕಳನ್ನು ಕಾರ್ಖಾನೆಗೆ ದೂಡಬಾರದೆಂದೂ ಬೋಧಿಸಿದರು. ಮರುವರ್ಷ, ಅಂದರೆ 1892ರಲ್ಲಿ, ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು; ಅವರು ಹಿಮ್ಮೆಟ್ಟಲಿಲ್ಲ.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಮಕ್ಕಳು ಬಂದು ಕೂಡುವುದಿಲ್ಲ. ಬಡವರ ಮನೆಯಲ್ಲಿ ಮಗುವಿನ ಕೈಗಳೂ ಅಂದಂದಿನ ಗಂಜಿಗೆ ಬೇಕು. ರಂಗರಾಯರು ಇದನ್ನು ಅರಿತು, ಶಾಲೆಯಲ್ಲಿಯೇ ಮಧ್ಯಾಹ್ನದ ಊಟವಿಕ್ಕಿಸಿದರು. ಪ್ರತಿಯೊಂದು ಮಗುವಿಗೆ ದಿನಕ್ಕೆ ಎರಡು ಪೈಸೆಯನ್ನೂ ಕೊಡತೊಡಗಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸಂಸ್ಥೆಯನ್ನು ಸ್ಥಾಪಿಸಿ, ನೇಯ್ಗೆ, ಮರಗೆಲಸಗಳನ್ನು ಕಲಿಸಿದರು. ಇನ್ನೊಬ್ಬರ ನೆಲದಲ್ಲಿ ಗುಡಿಸಲು ಹಾಕಿಕೊಂಡವನು ನ್ಯಾಯವಾದ ಕೂಲಿಯನ್ನು ಧೈರ್ಯವಾಗಿ ಕೇಳಲಾರ. ಆದುದರಿಂದ ಸರ್ಕಾರದಿಂದ ಭೂಮಿಯನ್ನು ಪಡೆದು ಬಡ ಕುಟುಂಬಗಳಿಗೆ ಮನೆಯ ನಿವೇಶನಗಳನ್ನು ಒದಗಿಸಿದರು. ಹೀಗೆ ಅನ್ನ, ಕಸುಬು, ನೆಲೆ ಮೂರನ್ನೂ ಅಕ್ಷರದೊಂದಿಗೆ ಜೋಡಿಸಿದರು.

ತಾವು ಓದಿಸಿದ ಮಕ್ಕಳು ದೊಡ್ಡ ಹುದ್ದೆಗೇರಿ ಮೋಟಾರಿನಲ್ಲಿ ಸಂಚರಿಸಬೇಕು, ಅದರ ಗಾಲಿಯ ಧೂಳು ತಮ್ಮ ತಲೆಯ ಮೇಲೆ ಬೀಳಬೇಕು ಎಂಬುದೇ ಅವರ ಹಂಬಲವಾಗಿತ್ತು. 1928ರ ಜನವರಿ 30ರಂದು ಅವರು ನಿಧನರಾದಾಗ, ಅವರ ಇಚ್ಛೆಯಂತೆ ಜಾಡಮಾಲಿಗಳೇ ಅವರ ಪಾರ್ಥಿವ ಶರೀರಕ್ಕೆ ಹೆಗಲುಕೊಟ್ಟರು. 1934ರಲ್ಲಿ ಗಾಂಧೀಜಿಯವರು ಮಂಗಳೂರಿಗೆ ಬಂದಾಗ ಅವರ ಸಂಸ್ಥೆಯನ್ನು ಸಂದರ್ಶಿಸಿದರು.

ಬಂಡ್ರಿಯವರಾದ ನಮಗೆ ಈ ಚರಿತ್ರೆಯು ದೂರದ್ದಲ್ಲ. ಸಂಡೂರಿನ ಬೆಟ್ಟಗಳಲ್ಲಿ ಅದಿರಿಗೆ ಬೆಲೆ ಬಂದಾಗ, ಹೆತ್ತವರೊಂದಿಗೆ ಮಕ್ಕಳೂ ಅದಿರು ಆಯಲು ಹೋದುದನ್ನು ನಾಡು ಕಂಡಿದೆ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಕೂಲಿ ನಿಂತ ಮನೆಗಳನ್ನೂ ಕಂಡಿದೆ. ಬೆಲೆ ಏರಿದರೂ ಇಳಿದರೂ ಭಾರ ಬೀಳುವುದು ಮಗುವಿನ ಮೇಲೆಯೇ. ರಂಗರಾಯರು ಅಂದು ಇಕ್ಕಿಸಿದಂಥ ಶಾಲೆಯ ಬಿಸಿಯೂಟವು ನಮ್ಮ ಜಿಲ್ಲೆಗಳಿಗೆ ಅಕ್ಷರ ದಾಸೋಹದ ಮೂಲಕ ಬಂದುದು 2002ರಲ್ಲಿ, ನೂರಹತ್ತು ವರ್ಷಗಳ ಬಳಿಕ.

ಸುಗ್ಗಿಯ ಕಾಲದಲ್ಲಿ ಹುಡುಗನು ಶಾಲೆ ಬಿಟ್ಟರೆ ನಾವು ಅವನ ತಂದೆತಾಯಿಯನ್ನು ದೂರುತ್ತೇವೆ. ಅದಕ್ಕೆ ಮೊದಲು, ಅವರಿಗೆ ಕೂಲಿ ಕೊಡುವವರು ಯಾರು, ಎಷ್ಟು ಕೊಡುತ್ತಾರೆ ಎಂದು ವಿಚಾರಿಸೋಣ. ಕೊಡುವವರು ನಾವೇ ಆಗಿದ್ದರೆ, ನಮ್ಮ ಹೊಲದಲ್ಲಿ ದುಡಿದವನಿಗೆ ಸಲ್ಲಬೇಕಾದುದನ್ನು ಹೊತ್ತು ಮುಳುಗುವ ಮುನ್ನ ಸಲ್ಲಿಸೋಣ. ಶತಮಾನೋತ್ಸವದ ಕಾಣಿಕೆಗಳಲ್ಲಿ ಇದೂ ಒಂದಾಗಲೆಂದು ನಾವು ಪ್ರಾರ್ಥಿಸುತ್ತೇವೆ.