ಕಾಯಕವೀರ ಪಾಲವಣಕರ ಬಾಲೂ

ಕಲ್ಯಾಣದ ಶರಣರು ಮಾನವನ ಯೋಗ್ಯತೆಯನ್ನು ಹುಟ್ಟಿನಿಂದ ಅಳೆಯದೆ ಕಾಯಕದಿಂದ ಅಳೆದರು. ಚರ್ಮದ ಕಾಯಕದ ಹರಳಯ್ಯನವರು ಶರಣಸಂಕುಲದಲ್ಲಿ ಸರಿಸಮಾನರಾಗಿ ನಿಂತರು. ಮದ್ದಳೆಯ ಕಾಯಕದವರೆಂದು ಪ್ರತೀತಿಯುಳ್ಳ ಅಲ್ಲಮಪ್ರಭುಗಳು ಶೂನ್ಯಪೀಠವನ್ನೇರಿದರು. ದುಡಿಯುವವನ ದುಡಿಮೆಯನ್ನು ಕೊಂಡಾಡಿದರೆ ಸಾಲದು, ಯೋಗ್ಯನಾದವನಿಗೆ ಪೀಠವನ್ನೂ ಬಿಟ್ಟುಕೊಡಬೇಕೆಂಬುದು ಆ ಮಹಾಕ್ರಾಂತಿಯ ತಿರುಳು. ಏಳು ಶತಮಾನಗಳಿಗೂ ಮಿಕ್ಕಿದ ಕಾಲ ಕಳೆದ ತರುವಾಯ ಇದೇ ಪ್ರಶ್ನೆಯು ಕ್ರಿಕೆಟ್ ಮೈದಾನದಲ್ಲಿ ಮತ್ತೆ ತಲೆಯೆತ್ತಿತು. ಅದಕ್ಕೆ ಕಾರಣರಾದವರು ನಮ್ಮ ಧಾರವಾಡದಲ್ಲಿ ಜನಿಸಿದ ಪಾಲವಣಕರ ಬಾಲೂ ಅವರು.

ಬಾಲೂ ಅವರ ಜನನವು 1870ರ ದಶಕದ ಮಧ್ಯಭಾಗದಲ್ಲಿ. ಅವರ ಮನೆತನವು ಕೊಂಕಣದ ಪಾಲವಣ ಎಂಬ ಗ್ರಾಮಕ್ಕೆ ಸೇರಿದುದು. ಅಡ್ಡಹೆಸರು ಬಂದದ್ದು ಆ ಊರಿನಿಂದಲೇ. ಅಂದಿನ ಸಮಾಜವು ಅಸ್ಪೃಶ್ಯರೆಂದು ದೂರವಿರಿಸಿದ್ದ ಚಮ್ಮಾರ ಸಮುದಾಯದಲ್ಲಿ ಅವರು ಹುಟ್ಟಿದರು. ತಂದೆಯವರು ಸೈನ್ಯಕ್ಕೆ ಸಂಬಂಧಿಸಿದ ಕೆಲಸದಲ್ಲಿದ್ದುದರಿಂದ ಬಾಲ್ಯವು ಪುಣೆಯ ದಂಡಿನ ಪ್ರದೇಶದಲ್ಲಿ ಕಳೆಯಿತು. ಅಲ್ಲಿ ಸೈನಿಕ ಅಧಿಕಾರಿಗಳು ಬಿಸಾಡಿದ ಸಾಮಗ್ರಿಗಳಿಂದಲೇ ಬಾಲೂ ಮತ್ತು ಅವರ ತಮ್ಮಂದಿರು ಆಟವನ್ನು ಕಲಿತರು. ಶಿವರಾಮ, ಗಣಪತ ಮತ್ತು ವಿಠ್ಠಲ ಎಂಬ ಆ ತಮ್ಮಂದಿರೂ ಮುಂದೆ ಹೆಸರಾಂತ ಆಟಗಾರರಾದರು.

ಬಡತನದ ದೆಸೆಯಿಂದ ವಿದ್ಯಾಭ್ಯಾಸವು ಬೇಗನೆ ನಿಂತುಹೋಯಿತು. ಪಾರ್ಸಿಗಳ ಕ್ರಿಕೆಟ್ ಸಂಘವೊಂದರಲ್ಲಿ ಮೈದಾನವನ್ನು ಗುಡಿಸಿ, ಪಿಚ್ಚಿನ ಮೇಲೆ ರೋಲರ್ ಎಳೆಯುವ ಕೆಲಸ ದೊರೆಯಿತು. ತಿಂಗಳ ಸಂಬಳ 3 ರೂಪಾಯಿ. 1892ರ ಸುಮಾರಿಗೆ ಅವರು ಬಿಳಿಯರ ಪುಣೆ ಜಿಮಖಾನಾಕ್ಕೆ ಸೇರಿದಾಗ ಅದು 4 ರೂಪಾಯಿಯಾಯಿತು. ಬಲೆ ಕಟ್ಟುವುದು, ಗೆರೆ ಎಳೆಯುವುದು, ಅಭ್ಯಾಸಕ್ಕೆ ಬಂದ ಸಾಹೇಬರಿಗೆ ಚೆಂಡು ಎಸೆಯುವುದು ಇವು ನಿತ್ಯದ ಕಾಯಕ. ಆ ಕಾಲದ ಶ್ರೇಷ್ಠ ದಾಂಡಿಗರಾಗಿದ್ದ ಕ್ಯಾಪ್ಟನ್ ಗ್ರೇಗ್ ಅವರು ಉಳಿದವರಿಗಿಂತ ಮೊದಲೇ ಮೈದಾನಕ್ಕೆ ಬಂದು ಬಾಲೂ ಅವರ ಎಸೆತಗಳನ್ನು ಎದುರಿಸಿ ಅಭ್ಯಾಸ ಮಾಡುತ್ತಿದ್ದರು. ತನ್ನನ್ನು ಔಟ್ ಮಾಡಿದಾಗಲೆಲ್ಲ ಅವರು ಎಂಟಾಣೆ ಕೊಡುತ್ತಿದ್ದರೆಂಬ ಪ್ರತೀತಿಯೂ ಉಂಟು. ಹೀಗೆ ದಿನವೂ ತಾಸುಗಟ್ಟಲೆ ನಡೆದ ದುಡಿಮೆಯಲ್ಲಿ ಎಡಗೈ ನಿಧಾನಗತಿಯ ಎಸೆತದ ಕಲೆಯು ಅವರಿಗೆ ಕರಗತವಾಯಿತು. ಚೆಂಡನ್ನು ಎರಡೂ ಕಡೆಗೆ ತಿರುಗಿಸುವುದು, ಗಾಳಿಯಲ್ಲಿ ತೇಲಿಸಿ ದಾಂಡಿಗನನ್ನು ಮುಂದಕ್ಕೆಳೆಯುವುದು, ಬಳಲದೆ ದಿನವಿಡೀ ಎಸೆಯುವುದು ಅವರ ವೈಶಿಷ್ಟ್ಯವಾಗಿತ್ತು. ಆದರೆ ಆ ಬಲೆಯಲ್ಲಿ ದಾಂಡು ಹಿಡಿಯುವ ಅವಕಾಶವು ಮಾತ್ರ ಅವರಿಗೆ ಲಭಿಸಲಿಲ್ಲ. ಚೆಂಡು ಎಸೆಯುವುದು ಆಳಿನ ಕೆಲಸ, ದಾಂಡು ಬೀಸುವುದು ಒಡೆಯನ ಹಕ್ಕು ಎಂಬುದು ಅಂದಿನ ಭಾವನೆ.

ಬಿಳಿಯರನ್ನು ಸೋಲಿಸಬೇಕೆಂಬ ಹಂಬಲವಿದ್ದ ಪುಣೆಯ ಹಿಂದೂ ಸಂಘದವರು ಬಾಲೂ ಅವರನ್ನು ತಂಡಕ್ಕೆ ಸೇರಿಸಿಕೊಳ್ಳುವ ವಿಚಾರದಲ್ಲಿ ಎರಡಾಗಿ ಒಡೆದರು. ಕಡೆಗೆ ಅವರ ಕೌಶಲವೇ ಗೆದ್ದಿತು. ಆದರೆ ಆ ಗೆಲುವು ಬೌಂಡರಿ ಗೆರೆಯ ಒಳಗಿನದು ಮಾತ್ರ. ಆಟದ ಬಿಡುವಿನಲ್ಲಿ ಸಂಗಡಿಗರು ಪೆವಿಲಿಯನ್ನಿನಲ್ಲಿ ಕುಳಿತು ಚಹಾ ಸೇವಿಸುತ್ತಿದ್ದರೆ, ಬಾಲೂ ಅವರಿಗೆ ಹೊರಗಡೆ ಮಣ್ಣಿನ ಕುಡಿಕೆಯಲ್ಲಿ ಕೊಡಲಾಗುತ್ತಿತ್ತು. ಊಟಕ್ಕೂ ಬೇರೆಯ ಎಡೆ, ಬೇರೆಯ ತಟ್ಟೆ. ಅವರು ತಿರುಗಿಸಿ ಎಸೆದ ಚೆಂಡನ್ನು ಮುಟ್ಟಿದರೆ ತಗಲದ ಮೈಲಿಗೆಯು ಅವರು ಕುಡಿದ ಬಟ್ಟಲನ್ನು ಮುಟ್ಟಿದರೆ ತಗಲುತ್ತಿತ್ತು! ಸಾತಾರೆಯಲ್ಲಿ ಬಿಳಿಯರ ತಂಡದೊಡನೆ ನಡೆದ ಪಂದ್ಯದಲ್ಲಿ, ಬಾಲೂ ಅವರ ಎಸೆತವನ್ನು ಮೊಂಡು ಮಾಡಲೆಂದು ಎದುರಾಳಿಗಳು ದಿನಗಟ್ಟಲೆ ಪಿಚ್ಚಿಗೆ ರೋಲರ್ ಹಾಯಿಸಿದ್ದರು. ಆದರೂ ಅವರು 7 ವಿಕೆಟ್ಟುಗಳನ್ನು ಪಡೆದು ಜಯ ದೊರಕಿಸಿದರು. ಆಟದಲ್ಲಿ ಜೊತೆಗೂಡುವವರು ಊಟದಲ್ಲಿಯೂ ಜೊತೆಗೂಡಬೇಕೆಂದು ಮಹಾದೇವ ಗೋವಿಂದ ರಾನಡೆಯವರು ಆ ಸಂದರ್ಭದಲ್ಲಿ ಬುದ್ಧಿ ಹೇಳಿದರೆಂದು ಪ್ರತೀತಿ.

1896ರಲ್ಲಿ ಪ್ಲೇಗ್ ಮಾರಿಯು ಪಶ್ಚಿಮ ಭಾರತಕ್ಕೆ ಎರಗಿತು. ಆ ದಿನಗಳಲ್ಲಿ ಬಾಲೂ ಅವರು ಮುಂಬಯಿಯನ್ನು ಸೇರಿ, ರೈಲ್ವೆ ಕಂಪನಿಯೊಂದರಲ್ಲಿ ಉದ್ಯೋಗ ಹಿಡಿದು, ಹಿಂದೂ ಜಿಮಖಾನಾದ ಪರವಾಗಿ ಆಡತೊಡಗಿದರು. 1906ರ ಫೆಬ್ರವರಿಯಲ್ಲಿ ಹಿಂದೂಗಳಿಗೂ ಯುರೋಪಿಯನ್ನರಿಗೂ ಮುಂಬಯಿಯಲ್ಲಿ ಪಂದ್ಯ ನಡೆಯಿತು. ಹಿಂದೂಗಳು 242 ಮತ್ತು 160 ಓಟಗಳನ್ನು ಗಳಿಸಿದರೆ, ಎದುರಾಳಿಗಳು 191 ಮತ್ತು 102 ಓಟಗಳಿಗೆ ಕುಸಿದು 109 ಓಟಗಳಿಂದ ಸೋತರು. ಆ ವಿಜಯದಲ್ಲಿ ಬಾಲೂ ಅವರ ಪಾಲು ದೊಡ್ಡದು. ತಮ್ಮ ಶಿವರಾಮ ಅವರೂ ತಂಡದಲ್ಲಿದ್ದರು. ಅಷ್ಟುಹೊತ್ತಿಗೆ ಮುಂಬಯಿಯ ಜಿಮಖಾನಾದಲ್ಲಿ ಸಹಪಂಕ್ತಿಯ ಭೋಜನವು ರೂಢಿಗೆ ಬಂದಿತ್ತು. ಅಂದಿನ ಇಂಡಿಯನ್ ಸೋಶಿಯಲ್ ರಿಫಾರ್ಮರ್ ಪತ್ರಿಕೆಯು ಈ ಗೆಲುವನ್ನು ಸಮಾಜ ಸುಧಾರಣೆಯ ದೃಷ್ಟಿಯಿಂದಲೂ ಮಹತ್ತ್ವದ್ದೆಂದು ಎತ್ತಿ ಹಿಡಿಯಿತು.

1911ರಲ್ಲಿ ಪಟಿಯಾಲಾದ ಮಹಾರಾಜ ಭೂಪೀಂದರ ಸಿಂಹರ ನಾಯಕತ್ವದಲ್ಲಿ ಅಖಿಲ ಭಾರತ ತಂಡವು ಇಂಗ್ಲೆಂಡಿಗೆ ತೆರಳಿತು. ಆಡಿದ 23 ಪಂದ್ಯಗಳಲ್ಲಿ ಗೆದ್ದುದು 6, ಸೋತುದು 15. ಮಹಾರಾಜರು ಆಡಿದ ಪಂದ್ಯಗಳು ಕೆಲವೇ. ಇಂತಹ ಸೋಲಿನ ಪ್ರವಾಸದಲ್ಲಿಯೂ ಬಾಲೂ ಅವರು ಸರಾಸರಿ 18.84 ಓಟಗಳಂತೆ 114 ವಿಕೆಟ್ಟುಗಳನ್ನು ಗಳಿಸಿದರು. ಆಗ ಅವರಿಗೆ 35 ವರ್ಷ. ತಾಯ್ನಾಡಿಗೆ ಮರಳಿದ ಮೇಲೆ ಮುಂಬಯಿಯ ದಲಿತ ಸಮುದಾಯವು ಅವರಿಗೆ ಹೆಮ್ಮೆಯ ಸ್ವಾಗತವನ್ನು ನೀಡಿತು. ಅಂದು ತರುಣರಾಗಿದ್ದ ಭೀಮರಾವ್ ಅಂಬೇಡ್ಕರರೂ ಅವರನ್ನು ಬಹುವಾಗಿ ಮೆಚ್ಚಿಕೊಂಡಿದ್ದವರೇ. ಒಟ್ಟು 33 ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಬಾಲೂ ಅವರು ಗಳಿಸಿದ ವಿಕೆಟ್ಟುಗಳು 179; ಪ್ರತಿಯೊಂದಕ್ಕೂ ತೆತ್ತ ಓಟಗಳು ಸರಾಸರಿ 15ಕ್ಕೆ ತುಸು ಹೆಚ್ಚು.

ಹೀಗಿದ್ದರೂ ಹಿಂದೂ ತಂಡದ ನಾಯಕತ್ವವು ಅವರ ಕೈಗೆ ಬರಲಿಲ್ಲ. ವರ್ಷ ವರ್ಷವೂ ಆ ಪದವಿಯು ಮೇಲ್ಜಾತಿಯ ಆಟಗಾರರಿಗೇ ಸಲ್ಲುತ್ತಿತ್ತು. 1913ರಲ್ಲಿ ನಾಯಕರಾಗಿ ಆಯ್ಕೆಗೊಂಡ ಎಂ. ಡಿ. ಪೈ ಅವರು ತಮಗೆ ಏರ್ಪಟ್ಟ ಸನ್ಮಾನ ಸಭೆಯಲ್ಲಿಯೇ, ಹಿರಿಯರೂ ಅನುಭವಿಗಳೂ ಆದ ಬಾಲೂ ಅವರಿಗೆ ಈ ಗೌರವ ಸಲ್ಲಬೇಕಾಗಿತ್ತೆಂದು ನಿಸ್ಸಂಕೋಚವಾಗಿ ಒಪ್ಪಿಕೊಂಡರು. ಪೈ ಅವರ ಸಜ್ಜನಿಕೆಯು ಸ್ತುತ್ಯರ್ಹ. ಆದರೆ ಆಯ್ಕೆ ಮಾಡುವವರ ಮನಸ್ಸು ಕರಗಲಿಲ್ಲ.

ಆಡುವವನು ಬೇರೆ, ಆಳುವವನು ಬೇರೆ ಎಂಬ ಭೇದವು ಭಾರತದಲ್ಲಿ ಮಾತ್ರ ಇತ್ತೆನ್ನಲಾಗದು. ಇಂಗ್ಲೆಂಡಿನಲ್ಲಿಯೂ ಸಂಬಳಕ್ಕೆ ಆಡುವವರನ್ನು ಕುಲೀನ ಹವ್ಯಾಸಿಗಳಿಂದ ಬೇರ್ಪಡಿಸಿ ಇಡಲಾಗಿತ್ತು. ವೃತ್ತಿ ಆಟಗಾರರಾದ ಲೆನ್ ಹಟನ್ ಅವರು ಆ ದೇಶದ ಟೆಸ್ಟ್ ತಂಡದ ನಾಯಕರಾಗಿ ನೇಮಕಗೊಂಡುದು 1952ರಷ್ಟು ತಡವಾಗಿ. ಇದಕ್ಕೆ ಭಿನ್ನವಾದ ನಿದರ್ಶನ ಕೆನಡಾ ದೇಶದ್ದು. ಅಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಹಾಕಿಯಲ್ಲಿ ಸಂಬಳದ ಆಟಗಾರರಾಗಿದ್ದ ಲೆಸ್ಟರ್ ಪ್ಯಾಟ್ರಿಕ್ ಅವರು 1911ರಲ್ಲಿ ತಮ್ಮನೊಡನೆ ಸೇರಿ ಒಂದು ಲೀಗನ್ನೇ ಕಟ್ಟಿದರು. 1926ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡದ ವ್ಯವಸ್ಥಾಪಕರಾಗಿ, 1928 ಮತ್ತು 1933ರಲ್ಲಿ ಅದಕ್ಕೆ ಸ್ಟಾನ್ಲಿ ಕಪ್ಪನ್ನು ದೊರಕಿಸಿದರು. ಆಟದ ಮರ್ಮವನ್ನು ಬಲ್ಲವನಿಗೆ ತಂಡದ ಹೊಣೆಯನ್ನು ವಹಿಸಿದರೆ ಎಂತಹ ಫಲ ದೊರೆಯುವುದೆಂಬುದಕ್ಕೆ ಇದು ಸಾಕ್ಷಿ. ಬಾಲೂ ಅವರಿಗೆ ಬಡತನದ ಜೊತೆಗೆ ಜಾತಿಯ ಗೋಡೆಯೂ ಅಡ್ಡವಾಗಿತ್ತು.

1920ರ ಚತುಷ್ಕೋನ ಪಂದ್ಯಾವಳಿಯಲ್ಲಿ ಬಾಲೂ ಅವರನ್ನು ತಂಡದಿಂದ ಕೈಬಿಟ್ಟು, ನಾಯಕತ್ವದ ವಿಚಾರದಲ್ಲಿ ಅವರ ತಮ್ಮಂದಿರ ಹಿರಿತನವನ್ನೂ ಕಡೆಗಣಿಸಲಾಯಿತು. ಆಗ ಶಿವರಾಮ ಮತ್ತು ವಿಠ್ಠಲರು ಬಹಿರಂಗ ಪತ್ರ ಬರೆದು ತಂಡದಿಂದ ಹೊರಗುಳಿದರು. ಸಾರ್ವಜನಿಕ ಅಭಿಪ್ರಾಯವು ಆ ಸೋದರರ ಕಡೆಗೆ ವಾಲಿತು. ಮುಂದಿನ ಪಂದ್ಯಕ್ಕೆ ಅವರನ್ನು ಮರಳಿ ಕರೆಸಿ, ಬಾಲೂ ಅವರನ್ನು ಉಪನಾಯಕರನ್ನಾಗಿ ನೇಮಿಸಲಾಯಿತು. ನಾಯಕರಾದ ಪೈ ಅವರು ಮೈದಾನವನ್ನು ಬಿಟ್ಟು ಹೊರನಡೆದ ಕೆಲವು ಹೊತ್ತು ತಂಡವನ್ನು ನಡೆಸುವ ಯೋಗವು ಅವರಿಗೆ ಒದಗಿತು. ಜೀವಮಾನದ ಸಾಧನೆಗೆ ದೊರೆತ ಪೀಠವು ಅಷ್ಟೇ! ಆದರೆ ಅವರು ತೆರೆದ ಬಾಗಿಲಿನಲ್ಲಿ ತಮ್ಮನು ಒಳಹೊಕ್ಕನು. 1923ರಲ್ಲಿ ವಿಠ್ಠಲರು ಹಿಂದೂ ತಂಡದ ನಾಯಕರಾದರು. ಆ ವರ್ಷವೇ ಪಂದ್ಯಾವಳಿಯ ಪ್ರಶಸ್ತಿಯನ್ನೂ ಗೆದ್ದರು. ಒಂದು ಕಾಲಕ್ಕೆ ಪೆವಿಲಿಯನ್ನಿನ ಹೊರಗೆ ಕುಡಿಕೆಯಲ್ಲಿ ಚಹಾ ಪಡೆದ ಮನೆತನದ ಮಗನು ಸಮಸ್ತ ಹಿಂದೂ ತಂಡದ ಮುಂದಾಳಾದನು.

ಆಟದಿಂದ ನಿವೃತ್ತರಾದ ಬಾಲೂ ಅವರು ಸಾರ್ವಜನಿಕ ಜೀವನವನ್ನು ಪ್ರವೇಶಿಸಿದರು. 1932ರ ಸೆಪ್ಟೆಂಬರಿನಲ್ಲಿ ಗಾಂಧೀಜಿಯವರ ಉಪವಾಸದ ಸಂದರ್ಭದಲ್ಲಿ ಏರ್ಪಟ್ಟ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಪ್ರತ್ಯೇಕ ಚುನಾವಣಾ ಕ್ಷೇತ್ರಗಳ ವಿಚಾರದಲ್ಲಿ ಅವರ ನಿಲುವು ಅಂಬೇಡ್ಕರರ ನಿಲುವಿಗಿಂತ ಭಿನ್ನವಾಗಿತ್ತು. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪರವಾಗಿ ಅಂಬೇಡ್ಕರರ ಎದುರು ನಿಂತು, ಸುಮಾರು 2,000 ಮತಗಳಿಂದ ಸೋತರು. ದಾರಿ ಬೇರೆಯಾದರೂ ದಲಿತರ ಏಳ್ಗೆಯೆಂಬ ಗುರಿಯು ಇಬ್ಬರದೂ ಒಂದೇ ಆಗಿತ್ತು. 1955ರ ಜುಲೈ 4ರಂದು ಬಾಲೂ ಅವರು ಮುಂಬಯಿಯಲ್ಲಿ ನಿಧನರಾದರು.

ಭಾರತವು ತನ್ನ ಪ್ರಥಮ ಟೆಸ್ಟ್ ಪಂದ್ಯವನ್ನು ಲಾರ್ಡ್ಸ್ ಮೈದಾನದಲ್ಲಿ ಆಡಿದುದು 1932ರ ಜೂನ್ ತಿಂಗಳಲ್ಲಿ. ಬಾಲೂ ಅವರ ಆಟದ ಕಾಲವು ಅದಕ್ಕೆ ಮೊದಲೇ ಮುಗಿದುಹೋಗಿತ್ತು. ಆದುದರಿಂದ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಆ ಪಂದ್ಯದಲ್ಲಿ ತಂಡದ ನಾಯಕರಾಗಿದ್ದ ಪೋರಬಂದರಿನ ಮಹಾರಾಜರು ತಾವೇ ಹಿಂದೆ ಸರಿದು, ಆಟದಲ್ಲಿ ತಮಗಿಂತ ಮಿಗಿಲಾದ ಸಿ. ಕೆ. ನಾಯುಡು ಅವರಿಗೆ ನಾಯಕತ್ವವನ್ನು ಬಿಟ್ಟುಕೊಟ್ಟರು. ಯೋಗ್ಯತೆಗೆ ಪೀಠ ಸಲ್ಲಬೇಕೆಂಬ ತತ್ತ್ವವು ಹೀಗೆ ಮೆಲ್ಲಮೆಲ್ಲನೆ ಬೇರೂರಿತು. ಬಾಲೂ ಅವರನ್ನು ಮಾತ್ರ ನಾಡು ಬಹುಕಾಲ ಮರೆತಿತ್ತು. 2002ರಲ್ಲಿ ಪ್ರಕಟವಾದ ರಾಮಚಂದ್ರ ಗುಹಾ ಅವರ ಭಾರತೀಯ ಕ್ರಿಕೆಟ್ಟಿನ ಇತಿಹಾಸ ಗ್ರಂಥವು ಈ ಧಾರವಾಡದ ಕುಡಿಯ ಕಥೆಯನ್ನು ಮತ್ತೆ ಬೆಳಕಿಗೆ ತಂದಿತು.

ತೊಂಡೇಬಾವಿಯಂತಹ ಗ್ರಾಮಾಂತರ ಪ್ರದೇಶದ ವಿದ್ಯಾಸಂಸ್ಥೆಗಳಿಗೆ ಈ ಚರಿತ್ರೆಯು ಕೇವಲ ಕ್ರೀಡೆಯ ಚರಿತ್ರೆಯಲ್ಲ. ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸುವುದು ಮಠದ ಆಶ್ರಯದಲ್ಲಿ ಬೆಳೆದ ಮಕ್ಕಳಿಗೆ ಸಹಜವಾದ ಸಂಗತಿ. ಆದರೆ ಪಂಕ್ತಿಯಲ್ಲಿ ಎಡೆಗೊಡುವುದು ಮೊದಲ ಹೆಜ್ಜೆಯಷ್ಟೆ. ತರಗತಿಯ ಮುಂದಾಳಾಗಿ, ಆಟದ ತಂಡದ ನಾಯಕನಾಗಿ, ವಿದ್ಯಾರ್ಥಿ ಸಂಘದ ಕಾರ್ಯದರ್ಶಿಯಾಗಿ ಯಾರನ್ನು ಆರಿಸುತ್ತೇವೆ ಎಂಬುದರಲ್ಲಿ ಎರಡನೆಯ ಹೆಜ್ಜೆಯ ಪರೀಕ್ಷೆಯಿದೆ. ಬಡವರ ಮಗುವಿಗೆ ಆಟದ ಸಾಮಗ್ರಿಯನ್ನು ಒದಗಿಸುವುದು ದಾನಿಗಳ ದಾಸೋಹ. ಆ ಮಗುವಿನಲ್ಲಿ ಮುಂದಾಳ್ತನವನ್ನು ಗುರುತಿಸಿ ಹೊಣೆಯನ್ನು ವಹಿಸುವುದು ಗುರುಗಳ ದಾಸೋಹ. ಈ ಎರಡೂ ಕೂಡಿದಾಗ ಪಾಲವಣಕರ ಬಾಲೂ ಅವರಿಗೆ ದೊರೆಯದೆ ಹೋದ ಪೀಠವು ನಾಳಿನ ಮಕ್ಕಳಿಗೆ ದೊರೆತೀತು.