ಎಡೊಆರ್ಡೊ ಬಾಸ್ಸಿನಿ

ಎಡೊಆರ್ಡೊ ಬಾಸ್ಸಿನಿ (ಏಪ್ರಿಲ್ 14, 1844 – ಜುಲೈ 19, 1924) ಇಟಲಿಯ ಶಸ್ತ್ರವೈದ್ಯರು. ತೊಡೆಸಂದಿನ ಹರ್ನಿಯಾಕ್ಕೆ (ಅಂಡವಾಯು) ಅಂಗರಚನೆಯನ್ನು ಆಧರಿಸಿದ ಶಸ್ತ್ರಚಿಕಿತ್ಸೆಯನ್ನು ರೂಪಿಸಿದವರೆಂದು ಇವರು ಪ್ರಸಿದ್ಧರಾಗಿದ್ದಾರೆ.

ಜೀವನ

ಪಾವಿಯಾದಲ್ಲಿ ಜನಿಸಿದ ಬಾಸ್ಸಿನಿ 1866ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದಿಂದ ವೈದ್ಯಪದವಿ ಪಡೆದರು. ಗ್ಯಾರಿಬಾಲ್ಡಿಯ ಅನುಯಾಯಿಗಳೊಡನೆ ಇಟಲಿಯ ಏಕೀಕರಣದ ಹೋರಾಟಕ್ಕಿಳಿದರು. 1867ರಲ್ಲಿ ರೋಮ್ ನಗರದ ಬಳಿ ವಿಲ್ಲಾ ಗ್ಲೋರಿ ಕದನದಲ್ಲಿ ತೊಡೆಸಂದಿಗೆ ಬಂದೂಕಿನ ಸನೀನಿನ ತಿವಿತ ಬಿದ್ದು, ಸೆರೆಯಾದರು. ಚೇತರಿಸಿಕೊಂಡ ಬಳಿಕ ವಿಯೆನ್ನಾದಲ್ಲಿ ಬಿಲ್ರೋತ್, ಬರ್ಲಿನ್ನಿನಲ್ಲಿ ಲಾಂಗೆನ್‌ಬೆಕ್ ಮತ್ತು ಬ್ರಿಟನ್ನಿನಲ್ಲಿ ಲಿಸ್ಟರ್ ಅವರ ಶಸ್ತ್ರಕ್ರಿಯಾ ಪದ್ಧತಿಗಳನ್ನು ಅಭ್ಯಸಿಸಿದರು. 1882ರಲ್ಲಿ ಪಾದುವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

ಹರ್ನಿಯಾ ಚಿಕಿತ್ಸೆ

ಹೊಟ್ಟೆಯ ಸ್ನಾಯುಭಿತ್ತಿಯ ದುರ್ಬಲ ಭಾಗದಿಂದ ಕರುಳು ಮೊದಲಾದ ಒಳಾಂಗಗಳು ಹೊರಚಾಚುವುದೇ ಹರ್ನಿಯಾ. ಹುಟ್ಟಿನಿಂದ ಬಂದ ದೌರ್ಬಲ್ಯ, ದೀರ್ಘಕಾಲದ ಕೆಮ್ಮು, ಮಲಬದ್ಧತೆಯಿಂದ ತಿಣುಕುವುದು, ಭಾರ ಎತ್ತುವುದು ಇದಕ್ಕೆ ಕಾರಣಗಳು. ಹೊರಬಂದ ಕರುಳು ಸಿಕ್ಕಿಕೊಂಡು ರಕ್ತಸಂಚಾರ ನಿಂತರೆ ಪ್ರಾಣಾಪಾಯವುಂಟು. ಆ ಕಾಲದಲ್ಲಿ ರೋಗಿಗಳು ಸೊಂಟಕ್ಕೆ ಬಿಗಿಪಟ್ಟಿ ಕಟ್ಟಿಕೊಂಡು ದಿನ ದೂಡುತ್ತಿದ್ದರು. ಶಸ್ತ್ರಕ್ರಿಯೆಯಾದರೂ ಹರ್ನಿಯಾ ಬಹುಮಟ್ಟಿಗೆ ಮರುಕಳಿಸುತ್ತಿತ್ತು.

ಹೊರಚಾಚಿದ ಚೀಲವನ್ನು ತೆಗೆದರಷ್ಟೇ ಸಾಲದು, ಅದಕ್ಕೆ ದಾರಿ ಕೊಟ್ಟ ಗೋಡೆಯನ್ನೂ ಭದ್ರಪಡಿಸಬೇಕೆಂಬುದು ಬಾಸ್ಸಿನಿಯವರ ನಿಲುವು. ಅವರು ಚೀಲವನ್ನು ಬುಡದಲ್ಲೇ ಕಟ್ಟಿ ಕತ್ತರಿಸಿ, ಒಳಸ್ನಾಯುಗಳ ಪದರಗಳನ್ನು ತೊಡೆಸಂದಿನ ಕಟ್ಟುನಾರಿಗೆ ಹೊಲಿದು ಹಿಂಗೋಡೆಯನ್ನು ಪುನರ್ನಿರ್ಮಿಸಿದರು. 1889ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂತಹ 262 ಶಸ್ತ್ರಕ್ರಿಯೆಗಳ ಫಲಿತಾಂಶವನ್ನು ವಿವರಿಸಿದರು. ಈ ವಿಧಾನ ಬೇಗನೆ ಯುರೋಪ್ ಹಾಗೂ ಅಮೆರಿಕಗಳಲ್ಲಿ ಹರಡಿತು.

ಕೊನೆಯ ದಿನಗಳು ಮತ್ತು ಪ್ರಭಾವ

1904ರಲ್ಲಿ ಇವರು ಇಟಲಿಯ ಸೆನೆಟ್ ಸದಸ್ಯರಾದರು. ಇಂದು ಹೊಲಿಗೆಯ ಬದಲು ಕೃತಕ ಬಲೆಯನ್ನು (ಮೆಶ್) ಅಳವಡಿಸುವುದು ರೂಢಿಯಲ್ಲಿದೆ. ಆದರೂ ದುರ್ಬಲ ಭಿತ್ತಿಯನ್ನು ಬಲಪಡಿಸಬೇಕೆಂಬ ಬಾಸ್ಸಿನಿಯವರ ತತ್ತ್ವವೇ ಈ ಚಿಕಿತ್ಸೆಗೂ ಆಧಾರವಾಗಿದೆ.