ಕಾಣದ್ದನ್ನು ತೂಗಿದ ಫ್ರಿಟ್ಜ್ ಜ್ವಿಕಿ

ಆಕಾಶದಲ್ಲಿ ಲೆಕ್ಕ ತಾಳೆಯಾಗದಿದ್ದಾಗ ವಿಜ್ಞಾನದ ಮುಂದೆ ಎರಡು ದಾರಿಗಳಿರುತ್ತವೆ. ಕಣ್ಣಿಗೆ ಬೀಳದ ವಸ್ತುವೊಂದು ಅಲ್ಲಿದೆ ಎನ್ನಬೇಕು. ಇಲ್ಲವೇ ನಿಯಮವೇ ಅಪೂರ್ಣವೆಂದು ಒಪ್ಪಬೇಕು. ಯುರೇನಸ್ಸಿನ ಚಲನೆ ಲೆಕ್ಕಕ್ಕೆ ಹೊಂದದಿದ್ದಾಗ ಮೊದಲ ದಾರಿ ಫಲಿಸಿತು. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ಕಕ್ಷೆಯ ವಿಷಯದಲ್ಲಿ ಅದೇ ತರ್ಕ ಸೋತಿತು. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಸಿದ್ಧಾಂತವನ್ನೇ ಹೊಸದಾಗಿ ಬರೆಯಬೇಕಾಯಿತು. ಇದೇ ಪ್ರಶ್ನೆಯನ್ನು ಗೆಲಾಕ್ಸಿ ಗುಚ್ಛಗಳ ಅಗಾಧ ವಿಸ್ತಾರದಲ್ಲಿ ಎದುರಿಸಿದವನು ಫ್ರಿಟ್ಜ್ ಜ್ವಿಕಿ.

ಜ್ವಿಕಿ ಹುಟ್ಟಿದ್ದು 1898ರಲ್ಲಿ, ಬಲ್ಗೇರಿಯಾದ ವಾರ್ನಾ ನಗರದಲ್ಲಿ. ತಂದೆ ಸ್ವಿಟ್ಜರ್ಲೆಂಡಿನವರು. ಬಾಲ್ಯದಲ್ಲೇ ತಂದೆಯ ನಾಡಿಗೆ ಬಂದು, ಜ್ಯೂರಿಕ್‌ನಲ್ಲಿ ಭೌತವಿಜ್ಞಾನ ಕಲಿತು, 1925ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆ ಸೇರಿದ. ಬದುಕಿನ ಬಹುಭಾಗ ಅಲ್ಲೇ ಕಳೆದರೂ ಸ್ವಿಸ್ ಪೌರತ್ವವನ್ನು ಬಿಡಲಿಲ್ಲ.

1933ರಲ್ಲಿ ಆತ ಕೋಮಾ ಗುಚ್ಛದ ಗೆಲಾಕ್ಸಿಗಳ ವೇಗವನ್ನು ಪರಿಶೀಲಿಸಿದ. ಗುಚ್ಛದಲ್ಲಿ ಸುಮಾರು 800 ಗೆಲಾಕ್ಸಿಗಳಿವೆಯೆಂದು ಹಿಡಿದು, ಕಾಣುವ ಬೆಳಕಿನಿಂದ ಅವುಗಳ ದ್ರವ್ಯರಾಶಿಯನ್ನು ಅಂದಾಜಿಸಿದಾಗ, ಅವು ಸೆಕೆಂಡಿಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಚಲಿಸಬೇಕಿತ್ತು. ವಾಸ್ತವದ ವೇಗ 1,000 ಕಿಲೋಮೀಟರ್ ಆಸುಪಾಸಿನಲ್ಲಿತ್ತು. ಅಷ್ಟು ಧಾವಂತದ ಗೆಲಾಕ್ಸಿಗಳು ಎಂದೋ ಚೆದುರಿಹೋಗಬೇಕಿತ್ತು. ಅವನ್ನು ಹಿಡಿದಿಡಲು ಕಾಣುವುದಕ್ಕಿಂತ ನಾನೂರು ಪಟ್ಟು ದ್ರವ್ಯ ಬೇಕೆಂಬುದು ಆತನ ಲೆಕ್ಕ. ಆ ಕಾಣದ ದ್ರವ್ಯಕ್ಕೆ ಕಪ್ಪು ದ್ರವ್ಯ ಎಂಬ ಹೆಸರನ್ನೇ ಬಳಸಿದ. ಅಂದು ದೂರದ ಅಳತೆಗಳು ದೋಷಪೂರಿತವಾಗಿದ್ದುದರಿಂದ ಆ ಸಂಖ್ಯೆ ಉಬ್ಬಿತ್ತು, ಕೊರತೆಯಂತೂ ನಿಜವಾಗಿತ್ತು.

1937ರಲ್ಲಿ ಜ್ವಿಕಿ ಇನ್ನೊಂದು ತಕ್ಕಡಿಯನ್ನು ಸೂಚಿಸಿದ. ದೂರದ ಬೆಳಕನ್ನು ಗೆಲಾಕ್ಸಿಗಳ ಗುರುತ್ವ ಮಸೂರದಂತೆ ಬಾಗಿಸುತ್ತದೆ. ಆ ಬಾಗನ್ನು ಅಳೆದು ದ್ರವ್ಯವನ್ನು ತೂಗಬಹುದು. ಅಷ್ಟಕ್ಕೇ ನಿಲ್ಲದೆ, ನಿಯಮವನ್ನೂ ಆತ ಸಂಶಯಿಸಿದ. ಗುಚ್ಛಗಳಿಗಿಂತ ದೊಡ್ಡ ರಚನೆಗಳಿಲ್ಲವೆಂದು ನಂಬಿ, ಅತಿ ದೂರದಲ್ಲಿ ಗುರುತ್ವ ಕ್ಷೀಣಿಸುತ್ತದೆಯೆಂದು 1961ರ ಸುಮಾರಿಗೆ ವಾದಿಸಿದ. ಮಹಾಗುಚ್ಛಗಳು ಪತ್ತೆಯಾದ ಮೇಲೆ ಆ ವಾದಕ್ಕೆ ನೆಲೆಯಿಲ್ಲದಾಯಿತು. ಗೆಲಾಕ್ಸಿಗಳ ಬೆಳಕು ದೂರ ಸಾಗಿ ದಣಿಯುತ್ತದೆಂಬ ಆತನ 1929ರ ಊಹೆಯೂ ನಿಲ್ಲಲಿಲ್ಲ.

ಸ್ವಭಾವದಲ್ಲಿ ಜ್ವಿಕಿ ಒರಟ. ಸಹೋದ್ಯೋಗಿಗಳೊಡನೆ ಆತನ ಜಗಳಗಳು ಪ್ರಸಿದ್ಧ. ಅದೇ ವ್ಯಕ್ತಿ, ಎರಡನೆಯ ಮಹಾಯುದ್ಧದಲ್ಲಿ ಹಾಳಾದ ಗ್ರಂಥಾಲಯಗಳಿಗಾಗಿ ವಿಜ್ಞಾನ ಪತ್ರಿಕೆಗಳನ್ನು ಸಂಗ್ರಹಿಸಿ ಕಳುಹಿಸುತ್ತಿದ್ದ. ಸೂಪರ್‌ನೋವಾ ಸ್ಫೋಟದಿಂದ ನ್ಯೂಟ್ರಾನ್ ನಕ್ಷತ್ರಗಳು ಹುಟ್ಟುತ್ತವೆಂದು ವಾಲ್ಟರ್ ಬಾಡೆ ಜೊತೆಗೂಡಿ 1934ರಲ್ಲೇ ಊಹಿಸಿದ್ದ. 1972ರಲ್ಲಿ ಬ್ರಿಟನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಚಿನ್ನದ ಪದಕ ಬಂತು, 1974ರಲ್ಲಿ ನಿಧನನಾದ. ಆತ ಸೂಚಿಸಿದ್ದ ಬಗೆಯ ಗುರುತ್ವ ಮಸೂರ ಮೊದಲು ಪತ್ತೆಯಾದದ್ದು 1979ರಲ್ಲಿ.

1983ರಲ್ಲಿ ಇಸ್ರೇಲಿನ ಮೊರ್ಡೆಹಾಯ್ ಮಿಲ್‌ಗ್ರೋಮ್ ಎರಡನೆಯ ದಾರಿಯನ್ನು ಮತ್ತೆ ತೆರೆದರು. ನ್ಯೂಟನ್ ನಿಯಮವನ್ನು ತುಸು ತಿದ್ದಿದರೆ ಕಪ್ಪು ದ್ರವ್ಯ ಬೇಕಿಲ್ಲವೆಂಬ ಅವರ ವಾದ, ಬಿಡಿ ಗೆಲಾಕ್ಸಿಗಳ ತಿರುಗುವ ವೇಗವನ್ನು ಅಚ್ಚರಿಯಷ್ಟು ಚೆನ್ನಾಗಿ ವಿವರಿಸುತ್ತದೆ. ಅದು ಎಡವುವುದು ಜ್ವಿಕಿಯ ಅಖಾಡದಲ್ಲೇ. ಗುಚ್ಛಗಳಲ್ಲಿ ನಕ್ಷತ್ರಗಳಿಗಿಂತ ಹೆಚ್ಚು ತೂಕದ ಬಿಸಿ ಅನಿಲವಿದೆಯೆಂದು ಎಕ್ಸ್-ಕಿರಣ ದೂರದರ್ಶಕಗಳು ತೋರಿಸಿವೆ. ಅದನ್ನೂ ಕೂಡಿಸಿ ನಿಯಮವನ್ನೂ ತಿದ್ದಿದರೂ ಲೆಕ್ಕದಲ್ಲಿ ಕೊರತೆ ಉಳಿಯುತ್ತದೆ. ಎರಡು ಗುಚ್ಛಗಳು ಡಿಕ್ಕಿಯಾದ ‘ಬುಲೆಟ್’ ಗುಚ್ಛದಲ್ಲಿ ಅನಿಲ ಹಿಂದುಳಿದಿದ್ದರೂ, ಮಸೂರ ತೋರುವ ದ್ರವ್ಯದ ಬಹುಪಾಲು ಗೆಲಾಕ್ಸಿಗಳೊಡನೆ ಮುಂದೆ ಸಾಗಿದೆಯೆಂದು 2006ರಲ್ಲಿ ಪ್ರಕಟವಾಯಿತು.

ಹಾಗೆಂದು ಮೊಕದ್ದಮೆ ಮುಗಿದಿಲ್ಲ. ನೆಲದಾಳದ ಪ್ರಯೋಗಾಲಯಗಳಲ್ಲಿ ದಶಕಗಳಿಂದ ಹುಡುಕಿದರೂ ಕಪ್ಪು ದ್ರವ್ಯದ ಕಣ ಇನ್ನೂ ಖಚಿತವಾಗಿ ಸಿಕ್ಕಿಲ್ಲ. ಸಾಕ್ಷ್ಯ ಇಂದು ನೆಪ್ಚೂನಿನ ದಾರಿಯತ್ತ ವಾಲಿದೆಯಾದರೂ ಬುಧನ ಪಾಠವನ್ನು ಮರೆಯುವಂತಿಲ್ಲ. ಜ್ವಿಕಿಯ ಹಲವು ಉತ್ತರಗಳು ತಪ್ಪಿದವು. ಆದರೆ ಆ ತಪ್ಪುಗಳನ್ನೂ ತೂಗಿ ನೋಡಬಲ್ಲ ತಕ್ಕಡಿಯನ್ನು ಆತನೇ ಬಿಟ್ಟುಹೋದ.